ನಲಿ-ಕಲಿ ಮುಗಿದ ಮೇಲೆ ಗ್ರಂಥಾಲಯವಿದೆ

ನಮ್ಮ ಸರ್ಕಾರಿ ಶಾಲೆಗಳ ನಲಿ-ಕಲಿ ಕೋಣೆಯಲ್ಲಿ ಮಗು ನೆಲದ ಮೇಲೆ ಐದಾರು ಜೊತೆಗಾರರೊಂದಿಗೆ ಸುತ್ತ ಕೂರುತ್ತದೆ. ತಾನು ಎಲ್ಲಿಯವರೆಗೆ ಕಲಿತಿದ್ದೇನೆ ಎಂಬುದನ್ನು ಗೋಡೆಯ ಕಲಿಕಾ ಏಣಿಯಲ್ಲಿ ನೋಡಿಕೊಳ್ಳುತ್ತದೆ, ತನ್ನ ಕಾರ್ಡನ್ನು ತಾನೇ ಎತ್ತಿಕೊಳ್ಳುತ್ತದೆ. ತಿಳಿಯದಿದ್ದರೆ ಪಕ್ಕದವಳನ್ನು ಕೇಳುತ್ತದೆ, ಆಮೇಲೂ ತಿಳಿಯದಿದ್ದರೆ ಟೀಚರ ಹತ್ತಿರ ಹೋಗುತ್ತದೆ. ಮೂರು ವರ್ಷ ಹೀಗೆ ಕಲಿತ ಮಗು ಬೇಸಿಗೆ ರಜೆ ಮುಗಿಸಿ ನಾಲ್ಕನೇ ತರಗತಿಗೆ ಬಂದರೆ ಎಲ್ಲವೂ ಬೇರೆ. ಸಾಲಾಗಿ ಕೂರಬೇಕು. ಎಲ್ಲರೂ ಒಂದೇ ಪುಟ ತೆರೆಯಬೇಕು. ಮುಗಿಸಿದವರು ಉಳಿದವರಿಗಾಗಿ ಕಾಯಬೇಕು, ಹಿಂದೆ ಬಿದ್ದವರು ಹಿಂದೆಯೇ ಉಳಿಯಬೇಕು. ಒಂದೇ ಬೇಸಿಗೆಯಲ್ಲಿ ಮಗು ತನ್ನ ಕಲಿಕೆಯ ಮೇಲಿನ ಹಿಡಿತವನ್ನು ಕಳೆದುಕೊಳ್ಳುತ್ತದೆ.

ನಲಿ-ಕಲಿ ಹುಟ್ಟಿದ್ದು 1995ರಲ್ಲಿ, ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ. ಅಲ್ಲಿನ ಕೆಲವು ಶಿಕ್ಷಕರು ಆಂಧ್ರದ ಮದನಪಲ್ಲಿ ಬಳಿಯ ರಿಷಿ ವ್ಯಾಲಿಗೆ ಹೋದರು. ಒಬ್ಬರೇ ಶಿಕ್ಷಕರಿರುವ ಹಳ್ಳಿಶಾಲೆಗಳಿಗಾಗಿ ಅಲ್ಲಿ ರೂಪಿಸಿದ್ದ ಕಲಿಕಾ ವಿಧಾನವನ್ನು ನೋಡಿ ಬಂದು, ಯುನಿಸೆಫ್ ನೆರವಿನೊಂದಿಗೆ ಅದನ್ನು ನಮ್ಮ ಶಾಲೆಗೆ, ನಮ್ಮ ನುಡಿಗೆ ಒಗ್ಗಿಸಿಕೊಂಡರು. 2009–10ರಲ್ಲಿ ಅದು ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳ ಮೊದಲೆರಡು ತರಗತಿಗಳಿಗೆ ವಿಸ್ತರಿಸಿತು, ಬಳಿಕ ಮೂರನೆಯದಕ್ಕೂ ಬಂತು. ಇದರ ಹಿಂದಿದ್ದ ತಿಳಿವಳಿಕೆ ಸರಳವಾದುದು. ಒಬ್ಬ ಶಿಕ್ಷಕಿ ಒಂದೇ ಹೊತ್ತಿಗೆ ಮೂವತ್ತು ಮಕ್ಕಳಿಗೆ ಕಲಿಸಲಾರಳು. ಆದರೆ ಇಪ್ಪತ್ತೈದು ಮಕ್ಕಳು ತಮ್ಮ ಪಾಡಿಗೆ ತಾವು ಅರ್ಥವುಳ್ಳ ಕೆಲಸದಲ್ಲಿ ತೊಡಗುವಂತೆ ಏರ್ಪಾಡು ಮಾಡಿದರೆ, ಉಳಿದ ಐವರ ಪಕ್ಕದಲ್ಲಿ ನೆಮ್ಮದಿಯಿಂದ ಕೂತು ಕಲಿಸಬಲ್ಲಳು.

ಈ ತಿಳಿವಳಿಕೆ ಮೂರನೇ ತರಗತಿಗೇ ಯಾಕೆ ನಿಲ್ಲಬೇಕು? ನಾಲ್ಕರಿಂದ ಏಳರವರೆಗೆ ಪಠ್ಯದ ಹೊರೆ ಹೆಚ್ಚು, ತರಗತಿಯ ಕೋಣೆಯಲ್ಲಿ ಅದನ್ನು ಪೂರ್ತಿ ಮುಂದುವರಿಸುವುದು ಕಷ್ಟ ಎಂಬ ಮಾತನ್ನು ಒಪ್ಪೋಣ. ಆದರೆ ಪ್ರತಿ ಶಾಲೆಯಲ್ಲೂ ಪಠ್ಯದ ಹೊರೆಯಿಲ್ಲದ, ಪರೀಕ್ಷೆಯ ಭಯವಿಲ್ಲದ ಒಂದು ಜಾಗವಿದೆ. ಅದು ಗ್ರಂಥಾಲಯ. ನಲಿ-ಕಲಿಯ ಕಾರ್ಡು ಇದ್ದ ಜಾಗದಲ್ಲಿ ಪುಸ್ತಕವನ್ನು ಇಟ್ಟು, ಗ್ರಂಥಾಲಯದೊಳಗೆ ನಾಲ್ಕೈದು ಕಲಿಕಾ ಮೂಲೆಗಳನ್ನು ತೆರೆದರೆ, ಮಗು ಮೂರು ವರ್ಷ ರೂಢಿಸಿಕೊಂಡ ಸ್ವಂತ ಕಲಿಕೆ ಅಲ್ಲಿ ಮುಂದುವರಿಯುತ್ತದೆ. ಅದನ್ನು ಹೇಗೆ ಮಾಡಬಹುದು ಎಂಬುದನ್ನು ವಿವರಿಸುವುದು ಈ ಬರಹದ ಉದ್ದೇಶ.

ಬೀರುವಿನೊಳಗಿನ ಗ್ರಂಥಾಲಯ

ಕಾನೂನಿನ ಕೊರತೆಯಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯ ಪ್ರಕಾರ ಪ್ರತಿ ಶಾಲೆಯಲ್ಲೂ ಗ್ರಂಥಾಲಯವಿರಬೇಕು, ಅಲ್ಲಿ ದಿನಪತ್ರಿಕೆ, ನಿಯತಕಾಲಿಕ, ಎಲ್ಲ ವಿಷಯಗಳ ಪುಸ್ತಕ ಮತ್ತು ಕಥೆಪುಸ್ತಕಗಳು ಸಿಗಬೇಕು. 2018ರಲ್ಲಿ ಶುರುವಾದ ಸಮಗ್ರ ಶಿಕ್ಷಣ ಯೋಜನೆ ಗ್ರಂಥಾಲಯಕ್ಕೆಂದೇ ವಾರ್ಷಿಕ ಅನುದಾನವನ್ನು ಗೊತ್ತುಮಾಡಿತು. ಶಾಲೆಯ ಹಂತಕ್ಕೆ ತಕ್ಕಂತೆ ಅದು 5,000ದಿಂದ 20,000 ರೂಪಾಯಿ. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಇನ್ನೂ ಸ್ಪಷ್ಟವಾಗಿ ಮಾತಾಡಿದೆ: ವಾರಕ್ಕೊಂದು ಪೀರಿಯಡ್ ಗ್ರಂಥಾಲಯದ ಓದಿಗೆ ಮೀಸಲಿಡಿ, ಕೋಣೆ ಇಲ್ಲದಿದ್ದರೆ ಪುಸ್ತಕಗಳನ್ನು ತರಗತಿಗೆ ತನ್ನಿ, ಆದರೆ ಆರಿಸಿಕೊಳ್ಳುವ ಹಕ್ಕನ್ನು ಮಗುವಿಗೇ ಬಿಡಿ.

ಇಷ್ಟಿದ್ದೂ ನಮ್ಮ ಎಷ್ಟೋ ಶಾಲೆಗಳಲ್ಲಿ ಗ್ರಂಥಾಲಯ ಎಂದರೆ ಆಫೀಸು ಕೋಣೆಯ ಒಂದು ಸ್ಟೀಲ್ ಬೀರು. ಬೀಗದ ಕೈ ಮುಖ್ಯ ಶಿಕ್ಷಕರ ಬಳಿ. ಇದರಲ್ಲಿ ಶಿಕ್ಷಕರದೇ ತಪ್ಪೆಂದು ಹೇಳುವುದು ಅನ್ಯಾಯ. ಪುಸ್ತಕ ಬಂದ ದಿನವೇ ದಾಸ್ತಾನು ಪುಸ್ತಕಕ್ಕೆ ಏರುತ್ತದೆ. ವರ್ಗಾವಣೆಯಾದಾಗ ಒಂದೊಂದನ್ನೂ ಎಣಿಸಿ ಚಾರ್ಜು ವಹಿಸಿಕೊಡಬೇಕು. ಕಡಿಮೆ ಬಿದ್ದರೆ ಉತ್ತರ ಕೊಡಬೇಕಾದವರು ಅವರೇ. ಪ್ರತ್ಯೇಕ ಗ್ರಂಥಪಾಲಕರ ಹುದ್ದೆಯೂ ಪ್ರಾಥಮಿಕ ಶಾಲೆಯಲ್ಲಿ ಇಲ್ಲ. ಬಿಸಿಯೂಟದ ಲೆಕ್ಕ, ಹಾಜರಾತಿ ಅಪ್‌ಲೋಡು, ಜನಗಣತಿ, ಚುನಾವಣೆ ಕೆಲಸಗಳ ನಡುವೆ ಒಬ್ಬ ಶಿಕ್ಷಕರಿಗೆ ಗ್ರಂಥಾಲಯದ ಹೊಣೆ ಹೆಚ್ಚುವರಿಯಾಗಿ ಬಂದಿರುತ್ತದೆ. ಪುಸ್ತಕ ಹೊರಗೆ ಬರದಿದ್ದರೆ ಯಾರೂ ಕೇಳುವುದಿಲ್ಲ. ಹೊರಗೆ ಬಂದು ಕಳೆದುಹೋದರೆ ಎಲ್ಲರೂ ಕೇಳುತ್ತಾರೆ.

ಗ್ರಂಥಾಲಯ ವಿಜ್ಞಾನದ ಪಿತಾಮಹ ಎನಿಸಿದ ಎಸ್.ಆರ್. ರಂಗನಾಥನ್ ತಮ್ಮ ಐದು ಸೂತ್ರಗಳನ್ನು 1931ರಲ್ಲಿ ಪ್ರಕಟಿಸಿದರು. ಅವರ ಬದುಕಿನ ಕೊನೆಯ ವರ್ಷಗಳು ಕಳೆದದ್ದು ಬೆಂಗಳೂರಿನಲ್ಲಿ. 1962ರಲ್ಲಿ ಇಲ್ಲಿ ಪ್ರಲೇಖನ ಸಂಶೋಧನೆ ಮತ್ತು ತರಬೇತಿ ಕೇಂದ್ರವನ್ನು ಕಟ್ಟಿದವರು ಅವರೇ. 1972ರಲ್ಲಿ ತೀರಿಕೊಂಡದ್ದೂ ಇಲ್ಲೇ. ಪುಸ್ತಕ ಇರುವುದು ಬಳಕೆಗೆ ಎಂಬುದು ಅವರ ಮೊದಲ ಸೂತ್ರ. ಪ್ರತಿ ಓದುಗನಿಗೂ ಅವನ ಪುಸ್ತಕ ಸಿಗಬೇಕು, ಪ್ರತಿ ಪುಸ್ತಕಕ್ಕೂ ಅದರ ಓದುಗ ಸಿಗಬೇಕು, ಓದುಗನ ಹೊತ್ತು ಉಳಿಯಬೇಕು, ಗ್ರಂಥಾಲಯ ಬೆಳೆಯುತ್ತಲೇ ಇರಬೇಕು ಎಂಬವು ಉಳಿದ ನಾಲ್ಕು. ಕಲಿಕಾ ಮೂಲೆಗಳ ಬಗ್ಗೆ ನಾನು ಹೇಳಹೊರಟಿರುವ ಒಂದೊಂದು ಸಂಗತಿಯೂ ಈ ಐದರಲ್ಲಿ ಒಂದನ್ನು ಶಾಲೆಯ ನೆಲಕ್ಕೆ ಇಳಿಸುವ ಬಗೆ.

ಮೂಲೆ ಎಂದರೆ ಏನು

ಹೆಸರು ನಮ್ಮ ಶಿಕ್ಷಕರಿಗೆ ಹೊಸದಲ್ಲ. 2023ರ ಆರಂಭದಲ್ಲಿ ರಾಜ್ಯದ ಉದ್ದಗಲಕ್ಕೂ ಕ್ಲಸ್ಟರ್ ಮಟ್ಟದಲ್ಲಿ ನಡೆದ ಕಲಿಕಾ ಹಬ್ಬದಲ್ಲಿ ಕಾಗದ-ಕತ್ತರಿ, ಮಾಡು-ಆಡು, ಹಾಡು-ಆಡು, ಊರು ತಿಳಿಯೋಣ ಎಂಬ ಮೂಲೆಗಳಿದ್ದವು. ಮಕ್ಕಳು ಗುಂಪುಗುಂಪಾಗಿ ಒಂದರಿಂದ ಇನ್ನೊಂದಕ್ಕೆ ಹೋದರು, ಕೈಯಾರೆ ಮಾಡಿ ಕಲಿತರು. ಹಬ್ಬ ಮುಗಿಯಿತು, ಮೂಲೆಗಳೂ ಮುಗಿದವು. ಅವನ್ನು ವರ್ಷವಿಡೀ ಉಳಿಸಿಕೊಳ್ಳಲು ಗ್ರಂಥಾಲಯಕ್ಕಿಂತ ಒಳ್ಳೆಯ ಜಾಗ ಶಾಲೆಯಲ್ಲಿ ಇನ್ನೊಂದಿಲ್ಲ.

ಒಂದು ಮೂಲೆಗೆ ಬೇಕಾದದ್ದು ನಾಲ್ಕು. ಐದಾರು ಮಕ್ಕಳು ಕೂರುವಷ್ಟು ಜಾಗ. ಅವರ ಕೈಗೆಟಕುವ ಸಾಮಗ್ರಿ. ಏನು ಮಾಡಬೇಕೆಂದು ಹೇಳುವ ಒಂದು ಕಾರ್ಡು. ಮಾಡಿದ್ದನ್ನು ಬಿಟ್ಟುಹೋಗಲು ಒಂದು ಗೋಡೆ, ದಾರ ಅಥವಾ ನೋಟ್‌ಬುಕ್ಕು. ಈ ನಾಲ್ಕರಲ್ಲಿ ಕಾರ್ಡೇ ಜೀವಾಳ. ಅದನ್ನು ಓದಿದ ಮಗು ಯಾರನ್ನೂ ಕೇಳದೆ ಕೆಲಸ ಶುರುಮಾಡುವಂತಿರಬೇಕು. ಎರಡು ಮೂರು ಸಣ್ಣ ವಾಕ್ಯ, ದಪ್ಪ ಅಕ್ಷರ, ಜೊತೆಗೊಂದು ಚಿತ್ರ ಇದ್ದರೆ ಸಾಕು. ಒಂದೊಂದು ಮೂಲೆಗೂ ಸುಲಭ, ಮಧ್ಯಮ, ಕಠಿಣ ಎಂದು ಮೂರು ಬಣ್ಣದ ಕಾರ್ಡುಗಳಿದ್ದರೆ, ಐದನೇ ತರಗತಿಯಲ್ಲಿದ್ದೂ ತಡವರಿಸಿ ಓದುವ ಮಗುವಿಗೆ ಅವಮಾನವಾಗುವುದಿಲ್ಲ, ಚುರುಕಾಗಿ ಓದುವ ಮಗುವಿಗೆ ಬೇಸರವೂ ಆಗುವುದಿಲ್ಲ.

ಇದಕ್ಕೊಂದು ಕಟ್ಟುನಿಟ್ಟಿನ ಪರೀಕ್ಷೆ ಇದೆ. ಈ ಮೂಲೆಯ ಕೆಲಸವನ್ನು ಪುಸ್ತಕ ಮುಟ್ಟದೆ ಮುಗಿಸಬಹುದೇ? ಮುಗಿಸಬಹುದು ಎಂದಾದರೆ ಅದು ಒಳ್ಳೆಯ ಚಟುವಟಿಕೆ ಇರಬಹುದು, ಗ್ರಂಥಾಲಯದ ಮೂಲೆ ಮಾತ್ರ ಅಲ್ಲ. ಬಣ್ಣ ಹಚ್ಚುವುದು, ಕಾಗದ ಮಡಿಸುವುದು, ಆಟ ಆಡುವುದು ಎಲ್ಲವೂ ಇರಲಿ. ಆದರೆ ಕೆಲಸದ ನಡುವೆ ಎಲ್ಲೋ ಒಂದು ಕಡೆ ಮಗು ಎದ್ದು ಕಪಾಟಿನ ಬಳಿ ಹೋಗಿ ಪುಸ್ತಕ ತೆರೆಯಲೇಬೇಕು. ಪ್ರಶ್ನೆ ಮೂಲೆಯಲ್ಲಿ ಹುಟ್ಟಬೇಕು, ಉತ್ತರ ಕಪಾಟಿನಲ್ಲಿ ಸಿಗಬೇಕು.

ಐದು ಮೂಲೆಗಳು

ಮೊದಲನೆಯದು ಓದಿನ ಮೂಲೆ. ಕಿಟಕಿಯ ಬೆಳಕು ಬೀಳುವ, ಬಾಗಿಲಿನ ಗದ್ದಲದಿಂದ ದೂರದ ಜಾಗವನ್ನು ಇದಕ್ಕೆ ಕೊಡಿ. ಒಂದು ಜಮಖಾನೆ ಹಾಸಿ. ಪುಸ್ತಕಗಳನ್ನು ಬೆನ್ನು ಕಾಣುವಂತೆ ಜೋಡಿಸಬೇಡಿ, ಮುಖಪುಟ ಕಾಣುವಂತೆ ಇಡಿ. ಮಕ್ಕಳ ಪುಸ್ತಕಗಳು ತೆಳ್ಳಗಿರುತ್ತವೆ, ಹಲವಕ್ಕೆ ಬೆನ್ನಿನ ಮೇಲೆ ಹೆಸರೇ ಇರುವುದಿಲ್ಲ. ಗೋಡೆಯಿಂದ ಗೋಡೆಗೆ ಮಗುವಿನ ಎದೆಯ ಎತ್ತರಕ್ಕೆ ಹಗ್ಗ ಕಟ್ಟಿ, ಬಟ್ಟೆ ಕ್ಲಿಪ್ಪು ಹಾಕಿ ಇಪ್ಪತ್ತು ಪುಸ್ತಕ ತೂಗುಹಾಕಿದರೆ ಸಾಕು. ಹದಿನೈದು ದಿನಕ್ಕೊಮ್ಮೆ ಆ ಇಪ್ಪತ್ತನ್ನು ಬದಲಿಸುತ್ತಿರಿ. ಪ್ರತಿ ಪುಸ್ತಕಕ್ಕೂ ಅದರ ಓದುಗ ಸಿಗಬೇಕು ಎಂಬ ರಂಗನಾಥನ್ ಸೂತ್ರಕ್ಕೆ ಹಗ್ಗ ಮತ್ತು ಕ್ಲಿಪ್ಪಿಗಿಂತ ಅಗ್ಗದ ದಾರಿ ಇಲ್ಲ. ಶಿಕ್ಷಕರು ಕೂರಬೇಕಾದದ್ದು ಈ ಮೂಲೆಯಲ್ಲೇ, ಓದಲು ಕಷ್ಟಪಡುವ ಮಗುವಿನ ಪಕ್ಕದಲ್ಲಿ.

ಎರಡನೆಯದು ಹುಡುಕುವ ಮೂಲೆ. ಇಲ್ಲಿ ನಿಘಂಟು, ಭೂಪಟ, ಅಟ್ಲಾಸು, ದಿನಪತ್ರಿಕೆ ಇರುತ್ತವೆ. ಕನ್ನಡ ಸಾಹಿತ್ಯ ಪರಿಷತ್ತಿನ ಪುಟ್ಟ ನಿಘಂಟು 'ಕನ್ನಡ ರತ್ನಕೋಶ'ದ ಎರಡು ಮೂರು ಪ್ರತಿ ಇದ್ದರೆ ಹತ್ತಾರು ಕಾರ್ಡು ತಯಾರಾಗುತ್ತವೆ. 'ಕ್ಷಮೆ' ಎಂಬ ಪದವನ್ನು ಹುಡುಕು ಎಂದು ಒಂದು ಕಾರ್ಡು ಹೇಳಲಿ. ವರ್ಣಮಾಲೆಯ ಪಟದಲ್ಲಿ ಕ್ಷ ಕೊನೆಗೆ ಇರುವುದನ್ನು ನೋಡಿರುವ ಮಗು ನಿಘಂಟಿನ ಕೊನೆಯ ಪುಟಗಳನ್ನು ತಿರುವುತ್ತದೆ. ಅಲ್ಲಿ ಅದು ಸಿಗುವುದಿಲ್ಲ. ಗೆಳೆಯರ ಜೊತೆ ಚರ್ಚಿಸಿ, ಕಕಾರಕ್ಕೆ ಷಕಾರದ ಒತ್ತು ಸೇರಿ ಕ್ಷ ಆಗಿದೆ ಎಂದು ಹೊಳೆದಾಗ ಕ ವಿಭಾಗಕ್ಕೆ ಮರಳುತ್ತದೆ. ಸಂಯುಕ್ತಾಕ್ಷರದ ಪಾಠವನ್ನು ಮಗು ಹೀಗೆ ತಾನೇ ಕಂಡುಕೊಂಡರೆ ಮತ್ತೆ ಮರೆಯುವುದಿಲ್ಲ.

ದಿನಪತ್ರಿಕೆಯಂತೂ ಈ ಮೂಲೆಯ ಬಂಗಾರ. ಮಳೆಗಾಲದಲ್ಲಿ ಪತ್ರಿಕೆಗಳು ದಿನವೂ ಜಲಾಶಯಗಳ ಮಟ್ಟವನ್ನು ಪ್ರಕಟಿಸುತ್ತವೆ. ಕೆಆರ್‌ಎಸ್‌ನ ಗರಿಷ್ಠ ಮಟ್ಟ 124.80 ಅಡಿ. ಇಂದಿನ ಮಟ್ಟ ಎಷ್ಟು, ನಿನ್ನೆಗಿಂತ ಎಷ್ಟು ಏರಿತು, ತುಂಬಲು ಇನ್ನೆಷ್ಟು ಬೇಕು ಎಂದು ಮಕ್ಕಳು ಗೋಡೆಯ ಮೇಲಿನ ನಕ್ಷೆಯಲ್ಲಿ ಗುರುತು ಮಾಡುತ್ತಾ ಹೋಗಲಿ. ಹೊಸಪೇಟೆಯ ಕಡೆಯವರು ತುಂಗಭದ್ರೆಯ 1,633 ಅಡಿಯನ್ನೂ ಸಾಗರದ ಕಡೆಯವರು ಲಿಂಗನಮಕ್ಕಿಯ 1,819 ಅಡಿಯನ್ನೂ ಹಿಡಿದು ಹೊರಡಬಹುದು. ಎರಡು ವಾರ ಹೋಗಲಿ, ಯಾವುದೋ ಮಗು ಕೇಳಿಯೇ ಕೇಳುತ್ತದೆ: ಕೆಆರ್‌ಎಸ್ 124 ಅಡಿ, ಲಿಂಗನಮಕ್ಕಿ 1,819 ಅಡಿ, ಹಾಗಾದರೆ ಲಿಂಗನಮಕ್ಕಿಯ ಕಟ್ಟೆ ಹದಿನಾಲ್ಕು ಪಟ್ಟು ಎತ್ತರವೇ? ಅಲ್ಲ. ಕೆಆರ್‌ಎಸ್‌ನಲ್ಲಿ ಅಳೆಯುವುದು ನದಿಯ ತಳದಿಂದ, ಲಿಂಗನಮಕ್ಕಿಯಲ್ಲಿ ಸಮುದ್ರಮಟ್ಟದಿಂದ. ಸಮುದ್ರಮಟ್ಟ ಎಂದರೇನು, ನಮ್ಮ ಊರು ಸಮುದ್ರಮಟ್ಟದಿಂದ ಎಷ್ಟು ಎತ್ತರದಲ್ಲಿದೆ ಎಂಬ ಪ್ರಶ್ನೆಗಳಿಗೆ ಅಟ್ಲಾಸು ತೆರೆಯಲೇಬೇಕು. ಒಂದು ಹಾಳೆ ಪತ್ರಿಕೆಯಿಂದ ಗಣಿತ, ಭೂಗೋಳ, ವಿಜ್ಞಾನ ಮೂರೂ ಹೊರಟವು.

ಮೂರನೆಯದು ನೋಡುವ ಮೂಲೆ. ಒಂದು ಭೂತಗನ್ನಡಿ, ಒಂದು ಅಳತೆಪಟ್ಟಿ, ಮಕ್ಕಳೇ ತಂದ ಎಲೆ, ಬೀಜ, ಗರಿ, ಕಲ್ಲು. ಪಕ್ಕದಲ್ಲಿ ಅವನ್ನು ಗುರುತಿಸಲು ನೆರವಾಗುವ ಪುಸ್ತಕಗಳು. ಪೂರ್ಣಚಂದ್ರ ತೇಜಸ್ವಿಯವರ 'ಹಕ್ಕಿ ಪುಕ್ಕ' ಇದಕ್ಕೆ ಹೇಳಿಮಾಡಿಸಿದ ಪುಸ್ತಕ. ಶಾಲೆಯ ಅಂಗಳದಲ್ಲಿ ಗುಂಪುಗೂಡಿ ಗಲಾಟೆ ಮಾಡುವ ಹರಟೆಮಲ್ಲ, ತಂತಿಯ ಮೇಲೆ ಕೂರುವ ಕಾಜಾಣ, ಬೇಲಿಯಲ್ಲಿ ಹಾಡುವ ಮಡಿವಾಳ ಹಕ್ಕಿಗಳನ್ನು ಮಕ್ಕಳು ದಿನವೂ ಕಾಣುತ್ತಾರೆ. ಕಾರ್ಡು ಕೇಳುವುದು ಇಷ್ಟು: ಕಿಟಕಿಯಿಂದ ಐದು ನಿಮಿಷ ನೋಡು, ಕಂಡ ಒಂದು ಹಕ್ಕಿಯ ಬಣ್ಣ, ಕೊಕ್ಕು, ಬಾಲ ಬರೆದುಕೋ, ಅದು ಯಾವ ಪುಟದಲ್ಲಿದೆ ಹುಡುಕು. ನಿಮ್ಮ ಮನೆಯಲ್ಲಿ ಇದನ್ನು ಏನೆಂದು ಕರೆಯುತ್ತಾರೆ ಎಂದೂ ಕೇಳಿ ಬರಲಿ. ಒಂದೇ ಹಕ್ಕಿಗೆ ಮೂರು ಹೆಸರು ಬಂದರೆ ಮೂರನ್ನೂ ಗೋಡೆಗೆ ಏರಿಸಿ. ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತಿನ 'ಬಾಲವಿಜ್ಞಾನ' ಮಾಸಪತ್ರಿಕೆಯ ಹಳೆಯ ಸಂಚಿಕೆಗಳು ಶಾಲೆಯಲ್ಲಿದ್ದರೆ ಅವನ್ನು ರದ್ದಿಗೆ ಹಾಕಬೇಡಿ, ಈ ಮೂಲೆಗೆ ತನ್ನಿ. ಮಕ್ಕಳಿಗೆ ಕನ್ನಡದಲ್ಲೇ ಲೋಕಜ್ಞಾನ ಸಿಗಬೇಕೆಂದು ಶಿವರಾಮ ಕಾರಂತರು 1930ರ ದಶಕದಲ್ಲೇ ಮೂರು ಸಂಪುಟಗಳ 'ಬಾಲಪ್ರಪಂಚ'ವನ್ನು ರಚಿಸಿದರು. ಅಂಥ ದುಡಿಮೆಯ ಫಲ ಮಗುವಿನ ಕೈಗೆ ತಲುಪಿಸುವುದು ಈಗ ನಮ್ಮ ಕೆಲಸ.

ನಾಲ್ಕನೆಯದು ಕೇಳುವ ಮೂಲೆ. ಓದು ಇನ್ನೂ ಬಾರದ ಮಗುವಿಗೂ ಕಥೆ ಬೇಕು. ಒಬ್ಬರು ಗಟ್ಟಿಯಾಗಿ ಓದಿ ಉಳಿದವರು ಕೇಳುವುದು ಇದರ ಅತಿ ಸರಳ ರೂಪ, ಅದಕ್ಕೆ ಯಾವ ಯಂತ್ರವೂ ಬೇಡ. ಏಳನೇ ತರಗತಿಯ ಮಗು ನಾಲ್ಕನೆಯವರಿಗೆ ಓದಿ ಹೇಳಿದರೆ ಇಬ್ಬರಿಗೂ ಲಾಭ. ಶಾಲೆಯಲ್ಲಿ ಒಂದು ಹಳೆಯ ಮೊಬೈಲು, ಸಣ್ಣ ಸ್ಪೀಕರು ಇದ್ದರೆ ಊರಿನ ಅಜ್ಜ ಅಜ್ಜಿಯರ ಕಥೆ, ಒಗಟು, ಸೋಬಾನೆ ಹಾಡುಗಳನ್ನು ಮಕ್ಕಳೇ ಧ್ವನಿಮುದ್ರಿಸಿ ತರಬಹುದು. ಮನೆಯ ಹೆಂಗಸರು ಹೇಳುತ್ತಿದ್ದ ಕನ್ನಡ ಕಥೆಗಳನ್ನು ಎ.ಕೆ. ರಾಮಾನುಜನ್ ದಶಕಗಳ ಕಾಲ ಕೂಡಿಹಾಕಿದರು. ಅಂಥ ಕಥೆಗಾರ್ತಿಯರು ಇಂದಿಗೂ ನಮ್ಮ ಊರುಗಳಲ್ಲಿದ್ದಾರೆ. ಕೇಳಿದ ಕಥೆಯನ್ನು ಬರೆದು, ಅದನ್ನೇ ಹೋಲುವ ಕಥೆ ಕಪಾಟಿನ ಯಾವ ಪುಸ್ತಕದಲ್ಲಿದೆ ಎಂದು ಪತ್ತೆಹಚ್ಚುವುದು ಇಲ್ಲಿನ ಕೆಲಸ. ಮನೆಯಲ್ಲಿ ತುಳು, ಕೊಂಕಣಿ, ಉರ್ದು, ಲಂಬಾಣಿ, ತೆಲುಗು ಮಾತಾಡುವ ಮಕ್ಕಳಿಗೆ ತಮ್ಮ ಮನೆಮಾತು ಶಾಲೆಯೊಳಗೆ ಕೇಳಿಸುವ ಜಾಗವೂ ಇದೇ ಆಗುತ್ತದೆ.

ಐದನೆಯದು ಬರೆಯುವ ಮೂಲೆ. ಒಂದು ಬಿಳಿ ಹಾಳೆಯನ್ನು ಎಂಟು ಭಾಗವಾಗಿ ಮಡಿಸಿ, ನಡುವೆ ಒಂದೇ ಕಡೆ ಕತ್ತರಿಸಿ ಮತ್ತೆ ಮಡಿಸಿದರೆ ಅಂಟು, ಪಿನ್ನು ಯಾವುದೂ ಇಲ್ಲದೆ ಎಂಟು ಪುಟದ ಕಿರುಪುಸ್ತಕ ಸಿದ್ಧ. ಮುಖಪುಟ, ಲೇಖಕರ ಹೆಸರು, ಬೆನ್ನಪುಟದಲ್ಲಿ ನಾಲ್ಕು ಸಾಲು ಪರಿಚಯ ಎಲ್ಲವೂ ಇರಬೇಕು. ಹೇಗಿರಬೇಕೆಂದು ತಿಳಿಯಲು ಮಗು ಕಪಾಟಿನ ಬೇರೆ ಪುಸ್ತಕಗಳ ಮುಖಪುಟ, ಬೆನ್ನಪುಟ ತಿರುವಿ ನೋಡಬೇಕಾಗುತ್ತದೆ. ಹೀಗೆ ತಯಾರಾದ ಪುಸ್ತಕಕ್ಕೆ ಗ್ರಂಥಾಲಯದ ಪಟ್ಟಿಯಲ್ಲಿ ಒಂದು ಸಂಖ್ಯೆ ಕೊಡಿ, ಓದಿನ ಮೂಲೆಯ ಹಗ್ಗಕ್ಕೆ ತೂಗುಹಾಕಿ, ಬೇರೆ ಮಕ್ಕಳಿಗೆ ಮನೆಗೂ ಕೊಡಿ. ತಾನು ಬರೆದದ್ದನ್ನು ಇನ್ನೊಬ್ಬರು ಓದುತ್ತಾರೆ ಎಂದು ಗೊತ್ತಾದ ಮೇಲೆ ಕಾಗುಣಿತ ತಿದ್ದಿಕೊಳ್ಳಲು ಮಗುವಿಗೆ ಬೇರೆ ಕಾರಣ ಬೇಕಿಲ್ಲ. ಗ್ರಂಥಾಲಯ ಬೆಳೆಯುತ್ತಲೇ ಇರಬೇಕು ಎಂಬ ಸೂತ್ರ ಅನುದಾನ ಬಾರದ ವರ್ಷವೂ ನಡೆಯುವುದು ಹೀಗೆ.

ನಲವತ್ತು ನಿಮಿಷದ ಲೆಕ್ಕ

ಮೂವತ್ತು ಮಕ್ಕಳ ತರಗತಿ, ಐದು ಮೂಲೆ, ಒಂದೊಂದರಲ್ಲಿ ಆರು ಮಕ್ಕಳು. ಪೀರಿಯಡ್ ನಲವತ್ತು ನಿಮಿಷದ್ದೆಂದು ಇಟ್ಟುಕೊಳ್ಳೋಣ. ಮೊದಲ ಐದು ನಿಮಿಷ ಎಲ್ಲರೂ ಒಟ್ಟಿಗೆ ಕೂತು ಇಂದಿನ ಕಾರ್ಡುಗಳ ಪರಿಚಯ ಮಾಡಿಕೊಳ್ಳುವುದು. ಹದಿನಾಲ್ಕು ನಿಮಿಷ ಮೊದಲ ಸುತ್ತು. ಎರಡು ನಿಮಿಷದಲ್ಲಿ ಸಾಮಾನು ಜೋಡಿಸಿಟ್ಟು ಮುಂದಿನ ಮೂಲೆಗೆ ಹೋಗುವುದು. ಮತ್ತೆ ಹದಿನಾಲ್ಕು ನಿಮಿಷ ಎರಡನೇ ಸುತ್ತು. ಕೊನೆಯ ಐದು ನಿಮಿಷ ಇಬ್ಬರೋ ಮೂವರೋ ತಾವು ಕಂಡುಕೊಂಡದ್ದನ್ನು ಎಲ್ಲರಿಗೂ ಹೇಳುವುದು, ಪುಸ್ತಕ ಎರವಲು ಪಡೆಯುವುದು. ವಾರಕ್ಕೆ ಒಂದೇ ಪೀರಿಯಡ್ ಸಿಕ್ಕರೂ ಐದು ವಾರದಲ್ಲಿ ಹತ್ತು ಸುತ್ತು ಆಗುತ್ತದೆ, ಅಂದರೆ ಪ್ರತಿ ಮಗುವೂ ಪ್ರತಿ ಮೂಲೆಯಲ್ಲೂ ಎರಡು ಬಾರಿ ಕೂತಿರುತ್ತದೆ. ಆಗ ಕಾರ್ಡುಗಳನ್ನು ಬದಲಿಸಿದರೆ ಸಾಕು. ಶಿಕ್ಷಕರಿಗೆ ವಾರವಾರ ತಯಾರಿಯ ಹೊರೆ ಇಲ್ಲ.

ಈ ಲೆಕ್ಕದೊಳಗೆ ಇನ್ನೊಂದು ಲೆಕ್ಕ ಅಡಗಿದೆ. ಮೂವತ್ತು ಮಕ್ಕಳಿಂದ ಸರದಿಯಂತೆ ಗಟ್ಟಿಯಾಗಿ ಓದಿಸಿದರೆ ಒಂದು ಪೀರಿಯಡ್‌ನಲ್ಲಿ ಒಬ್ಬರಿಗೆ ಒಂದು ನಿಮಿಷಕ್ಕಿಂತ ಸ್ವಲ್ಪ ಹೆಚ್ಚು ಸಿಗುತ್ತದೆ, ಉಳಿದವರು ಸುಮ್ಮನೆ ಕಾಯುತ್ತಾರೆ. ಮೂಲೆಗಳ ಏರ್ಪಾಡಿನಲ್ಲಿ ಶಿಕ್ಷಕಿ ಹದಿನಾಲ್ಕು ನಿಮಿಷವನ್ನು ಆರೇ ಮಕ್ಕಳಿಗೆ ಕೊಡುತ್ತಾಳೆ. ಯಾರು ಒತ್ತಕ್ಷರದಲ್ಲಿ ಎಡವುತ್ತಾರೆ, ಯಾರು ಅಕ್ಷರ ಓದಿದರೂ ಅರ್ಥ ಹಿಡಿಯುವುದಿಲ್ಲ, ಯಾರಿಗೆ ಕಣ್ಣಿನ ಪರೀಕ್ಷೆ ಬೇಕಾಗಬಹುದು ಎಂಬುದು ಅಷ್ಟು ಹತ್ತಿರ ಕೂತಾಗ ಮಾತ್ರ ತಿಳಿಯುತ್ತದೆ. ಕಲಿಕಾ ಮೂಲೆಗಳ ದೊಡ್ಡ ಲಾಭ ಇದೇ ಎಂದು ನನ್ನ ನಂಬಿಕೆ.

ಹನ್ನೆರಡೇ ಮಕ್ಕಳಿರುವ ಕಿರಿಯ ಪ್ರಾಥಮಿಕ ಶಾಲೆಯಾದರೆ ಮೂರು ಮೂಲೆ ಸಾಕು, ಒಂದೊಂದರಲ್ಲಿ ನಾಲ್ವರು. ತರಗತಿಗಳನ್ನು ಬೆರೆಸಿ ಕೂರಿಸಿ. ದೊಡ್ಡವರು ಚಿಕ್ಕವರಿಗೆ ಹೇಳಿಕೊಡುವುದು ನಲಿ-ಕಲಿಯಿಂದಲೇ ಬಂದ ರೂಢಿ.

ಒಂದು ನಿಯಮವನ್ನು ಮಾತ್ರ ಗೋಡೆಯ ಮೇಲೆ ದಪ್ಪ ಅಕ್ಷರದಲ್ಲಿ ಬರೆಯಬೇಕು: ಓದುತ್ತಿರುವ ಮಗುವನ್ನು ಎಬ್ಬಿಸಬಾರದು. ಸುತ್ತು ಮುಗಿಯಿತೆಂದು ಗಂಟೆ ಬಾರಿಸಿದಾಗ ಓದಿನ ಮೂಲೆಯಲ್ಲಿ ಯಾರಾದರೂ ಪುಸ್ತಕದಲ್ಲಿ ಮುಳುಗಿದ್ದರೆ ಅವರು ಅಲ್ಲೇ ಇರಲಿ. ಉಳಿದ ನಾಲ್ಕು ಮೂಲೆಗಳು ಇರುವುದೇ ಮಗುವನ್ನು ಆ ಸ್ಥಿತಿಗೆ ತಂದು ಮುಟ್ಟಿಸಲು. ಮುಟ್ಟಿದ ಮಗುವನ್ನು ಸರದಿಯ ಹೆಸರಿನಲ್ಲಿ ಎಳೆದು ತರುವುದು ಇಡೀ ಏರ್ಪಾಡಿನ ಉದ್ದೇಶಕ್ಕೇ ವಿರುದ್ಧ.

ಕೋಣೆ ಇಲ್ಲದಿದ್ದರೆ

ಪ್ರತ್ಯೇಕ ಕೋಣೆ ಇಲ್ಲದ ಶಾಲೆಗಳೇ ಹೆಚ್ಚು. ಅಲ್ಲಿ ಒಂದೊಂದು ಮೂಲೆಯೂ ಒಂದೊಂದು ಚೀಲವಾಗಲಿ. ಕ್ಯಾನ್ವಾಸ್ ಚೀಲದೊಳಗೆ ಕಾರ್ಡು, ಪುಸ್ತಕ, ಪೆನ್ಸಿಲು, ಕತ್ತರಿ. ಪೀರಿಯಡ್ ಬಂದಾಗ ಜಗಲಿಯಲ್ಲಿ ಒಂದು, ಮರದಡಿ ಒಂದು, ತರಗತಿಯ ಹಿಂಬದಿಯಲ್ಲಿ ಎರಡು ತೆರೆದುಕೊಳ್ಳುತ್ತವೆ, ಮುಗಿದ ಮೇಲೆ ಮೊಳೆಗೆ ತೂಗಿಕೊಳ್ಳುತ್ತವೆ. ಹಗ್ಗ, ಕ್ಲಿಪ್ಪು, ರಟ್ಟು, ಬಣ್ಣದ ಹಾಳೆ, ಸ್ಕೆಚ್ ಪೆನ್ನು, ಒಂದೆರಡು ಭೂತಗನ್ನಡಿ, ಇವಿಷ್ಟಕ್ಕೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯಾದ ಎಸ್‌ಡಿಎಂಸಿಯವರೋ ಹಳೆಯ ವಿದ್ಯಾರ್ಥಿಗಳೋ ಮನಸ್ಸು ಮಾಡಿದರೆ ಸಾಕು.

ಪುಸ್ತಕ ಕಡಿಮೆ ಇದ್ದರೆ ಬೆಂಗಳೂರಿನ ಪ್ರಥಮ್ ಬುಕ್ಸ್ 2015ರಲ್ಲಿ ತೆರೆದ ಸ್ಟೋರಿವೀವರ್ ಎಂಬ ಜಾಲತಾಣದಲ್ಲಿ ಕನ್ನಡದ ಚಿತ್ರಕಥೆಗಳು ಮುಕ್ತ ಪರವಾನಗಿಯಲ್ಲಿ ಸಿಗುತ್ತವೆ. ಇಳಿಸಿಕೊಂಡು ಮುದ್ರಿಸಲು ಅಡ್ಡಿಯಿಲ್ಲ. ಹತ್ತಿರದ ಗ್ರಾಮ ಪಂಚಾಯಿತಿ ಗ್ರಂಥಾಲಯವೂ ನೆರವಿಗಿದೆ. 2020ರಲ್ಲಿ ಮಕ್ಕಳಿಗಾಗಿ 'ಓದುವ ಬೆಳಕು' ಕಾರ್ಯಕ್ರಮ ಆರಂಭವಾದ ಮೇಲೆ ಶಾಲಾಮಕ್ಕಳು ಅಲ್ಲಿ ಉಚಿತವಾಗಿ ಸದಸ್ಯರಾಗಬಹುದು. ಈಗ ಅರಿವು ಕೇಂದ್ರ ಎಂದು ಕರೆಸಿಕೊಳ್ಳುವ ಈ ಗ್ರಂಥಾಲಯದ ಮೇಲ್ವಿಚಾರಕರ ಜೊತೆ ಮಾತಾಡಿ, ತಿಂಗಳಿಗೊಮ್ಮೆ ಒಂದು ಚೀಲ ಪುಸ್ತಕ ಅದಲುಬದಲು ಮಾಡಿಕೊಳ್ಳುವ ಏರ್ಪಾಡು ಮಾಡಿಕೊಂಡರೆ ಎರಡು ಕಡೆಯ ಪುಸ್ತಕಗಳೂ ಓಡಾಡುತ್ತವೆ.

ಎಲ್ಲ ಮಕ್ಕಳನ್ನೂ ಗಮನದಲ್ಲಿಡಿ. ಗಾಲಿಕುರ್ಚಿಯ ಮಗು ಇದ್ದರೆ ಮೂಲೆಗಳ ನಡುವೆ ಅದು ಹಾದುಹೋಗುವಷ್ಟು ದಾರಿ ಇರಲಿ, ನೆಲದ ಬದಲು ಒಂದು ಮೂಲೆ ಮೇಜಿನ ಮೇಲೆ ಇರಲಿ. ಕಣ್ಣು ಮಂಜಾಗಿರುವ ಮಗುವಿಗೆ ಕಾರ್ಡಿನ ಅಕ್ಷರ ಇನ್ನೂ ದಪ್ಪವಾಗಲಿ. ಕಿವಿ ಮಂದವಿರುವ ಮಗುವಿಗೆ ಕೇಳುವ ಮೂಲೆಯಲ್ಲಿ ಚಿತ್ರಗಳಿರುವ ಅದೇ ಕಥೆಯ ಪುಸ್ತಕ ಸಿಗಲಿ.

ಹರಿಯುವ ಪುಸ್ತಕದ ಭಯ

ಮೂಲೆಗಳನ್ನು ತೆರೆದರೆ ಪುಸ್ತಕ ಹರಿಯುತ್ತದೆ, ಕೆಲವು ಕಳೆಯುತ್ತವೆ. ಇದನ್ನು ಮೊದಲೇ ಒಪ್ಪಿಕೊಂಡು ಏರ್ಪಾಡು ಮಾಡಿಕೊಳ್ಳಬೇಕು. ನಾಲ್ಕು ಮಕ್ಕಳ ತಂಡಕ್ಕೆ ತಿಂಗಳ ಸರದಿಯಲ್ಲಿ ಗ್ರಂಥಪಾಲಕರ ಕೆಲಸ ಕೊಡಿ. ಎರವಲು ಬರೆದುಕೊಳ್ಳುವುದು, ಪುಸ್ತಕ ಎಣಿಸುವುದು, ಬಣ್ಣದ ಚೀಟಿ ನೋಡಿ ಮರಳಿ ಜೋಡಿಸುವುದು ಅವರ ಹೊಣೆ. ಓದುಗನ ಹೊತ್ತು ಉಳಿಸುವ ಸೂತ್ರವನ್ನು ಅವರು ಹೀಗೆ ಕೈಯಾರೆ ಕಲಿಯುತ್ತಾರೆ. ತಿಂಗಳಿಗೊಂದು ಶನಿವಾರ ಹರಿದ ಪುಸ್ತಕಗಳ ರಿಪೇರಿ ನಡೆಯಲಿ. ಮೈದಾ ಅಂಟು, ತೆಳು ಬಟ್ಟೆಯ ಪಟ್ಟಿ, ದಬ್ಬಣ, ದಪ್ಪ ದಾರ ಇದ್ದರೆ ಬೈಂಡಿಂಗ್ ಬಿಟ್ಟ ಪುಸ್ತಕ ಮತ್ತೆ ಎರಡು ವರ್ಷ ಬಾಳುತ್ತದೆ. ತಾನೇ ಹೊಲಿದ ಪುಸ್ತಕವನ್ನು ಮಗು ಹರಿಯುವುದಿಲ್ಲ.

ಇಲಾಖೆಯೂ ಒಂದು ಹೆಜ್ಜೆ ಮುಂದೆ ಬರಬೇಕು. ಕೇಂದ್ರ ಸರ್ಕಾರದ 2017ರ ಸಾಮಾನ್ಯ ಹಣಕಾಸು ನಿಯಮಗಳು ತಮ್ಮ ವ್ಯಾಪ್ತಿಯ ಗ್ರಂಥಾಲಯಗಳಿಗೆ ಒಂದು ವಿವೇಕದ ರಿಯಾಯಿತಿ ಕೊಟ್ಟಿವೆ. ವರ್ಷದಲ್ಲಿ ಎರವಲು ಹೋದ ಅಥವಾ ಪರಾಮರ್ಶೆಗೆ ಬಳಸಿದ ಪ್ರತಿ ಸಾವಿರ ಪುಸ್ತಕಕ್ಕೆ ಐದು ಪುಸ್ತಕ ಕಳೆದರೆ, ಅದರಲ್ಲಿ ಅಪ್ರಾಮಾಣಿಕತೆಯೋ ನಿರ್ಲಕ್ಷ್ಯವೋ ಇಲ್ಲದಿದ್ದರೆ, ಆ ನಷ್ಟ ಸಹಜ ಎಂದ ನಿಯಮ ಅದು. ಗಮನಿಸಿ, ಅಲ್ಲಿನ ಲೆಕ್ಕ ಬೀರುವಿನಲ್ಲಿರುವ ಪುಸ್ತಕದ ಮೇಲಲ್ಲ, ಬಳಕೆಯಾದ ಪುಸ್ತಕದ ಮೇಲೆ. ಹೆಚ್ಚು ಓದಿಸಿದವರಿಗೆ ಹೆಚ್ಚು ರಿಯಾಯಿತಿ. ದೊಡ್ಡವರ ಗ್ರಂಥಾಲಯಕ್ಕೇ ಇಷ್ಟು ನಂಬಿಕೆ ಇರುವಾಗ ಎಂಟು ಹತ್ತು ವರ್ಷದ ಮಕ್ಕಳು ಬಳಸುವ ಗ್ರಂಥಾಲಯಕ್ಕೆ ಇನ್ನೂ ಉದಾರವಾದ ನಿಯಮ ಬೇಕು. ಅದು ಲಿಖಿತ ಆದೇಶವಾಗಿ ಪ್ರತಿ ಶಾಲೆಗೂ ತಲುಪಿದರೆ ಎಷ್ಟೋ ಬೀರುಗಳ ಬೀಗ ತಾನಾಗಿ ತೆರೆಯುತ್ತದೆ.

ಮೂಲೆಗಳು ಹಾದಿ ತಪ್ಪದಿರಲಿ

ಎರಡು ಅಪಾಯಗಳನ್ನು ಹೇಳಲೇಬೇಕು. ಮೊದಲನೆಯದು ಅಲಂಕಾರ. ಥರ್ಮಾಕೋಲು, ಬಣ್ಣದ ಕಾಗದ, ಫ್ಲೆಕ್ಸು ಹಾಕಿ ಅಧಿಕಾರಿಗಳು ಬಂದ ದಿನ ತೋರಿಸುವ ಮೂಲೆ ಮಗುವಿನದಲ್ಲ. ಮೂಲೆಯ ಸಾಮಾನು ಜರುಗಬೇಕು, ಸವೆಯಬೇಕು, ಬದಲಾಗಬೇಕು. ಎರಡನೆಯದು ಅಂಕ. ಮೂಲೆಯಲ್ಲಿ ಮಾಡಿದ್ದಕ್ಕೆ ಅಂಕ ಕೊಡಲು ಹೊರಟರೆ, ಓದಿದ ಪ್ರತಿ ಪುಸ್ತಕಕ್ಕೂ ಸಾರಾಂಶ ಬರೆಯಿಸಲು ಹೊರಟರೆ, ಗ್ರಂಥಾಲಯವೂ ಇನ್ನೊಂದು ತರಗತಿಯಾಗುತ್ತದೆ. ಮಗು ಯಾವ ಪುಸ್ತಕ ಒಯ್ದಿತು, ಮುಗಿಸಿತೇ, ಗೆಳೆಯರಿಗೆ ಓದಲು ಹೇಳುತ್ತದೆಯೇ ಎಂಬ ಮೂರೇ ವಿಷಯಗಳನ್ನು ಮಗು ತಾನೇ ತನ್ನ ಓದಿನ ಚೀಟಿಯಲ್ಲಿ ಬರೆದಿಟ್ಟರೆ ಶಿಕ್ಷಕರಿಗೆ ಬೇಕಾದ ಮಾಹಿತಿ ಅಲ್ಲಿ ಸಿಗುತ್ತದೆ.

ಒಮ್ಮೆಗೇ ಐದೂ ಮೂಲೆ ತೆರೆಯುವ ಅಗತ್ಯವಿಲ್ಲ. ಜೂನ್‌ನಲ್ಲಿ ಓದಿನ ಮೂಲೆ ಒಂದನ್ನೇ ಶುರುಮಾಡಿ. ಮಕ್ಕಳು ಪುಸ್ತಕ ಎತ್ತಿಕೊಳ್ಳುವ, ಮರಳಿ ಇಡುವ ರೂಢಿಗೆ ಬರಲಿ. ಮಳೆ ಹಿಡಿದು ಜಲಾಶಯದ ಸುದ್ದಿ ಬರುವ ಹೊತ್ತಿಗೆ ಹುಡುಕುವ ಮೂಲೆ ಸೇರಲಿ, ಅದರ ಬೆನ್ನಿಗೆ ನೋಡುವ ಮೂಲೆಯೂ ಬರಲಿ. ದಸರಾ ರಜೆಯಲ್ಲಿ ಮಕ್ಕಳು ಅಜ್ಜಿಯ ಮನೆಯಿಂದ ಕಥೆ ತರಲಿ, ಮರಳಿದ ಮೇಲೆ ಕೇಳುವ ಮೂಲೆಯೂ ಬರೆಯುವ ಮೂಲೆಯೂ ತೆರೆಯಲಿ. ವರ್ಷದ ಕೊನೆಗೆ ಐದೂ ನಿಂತಿರುತ್ತವೆ, ಅವುಗಳಲ್ಲಿ ಕೆಲವು ಮಕ್ಕಳೇ ಯೋಚಿಸಿ ಬದಲಿಸಿದ ಮೂಲೆಗಳಾಗಿರುತ್ತವೆ.

ಶಾಲೆಗೆ ಭೇಟಿ ಕೊಡುವ ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿಗಳಾದ ಸಿಆರ್‌ಪಿಗಳು, ಕ್ಷೇತ್ರ ಶಿಕ್ಷಣಾಧಿಕಾರಿಗಳಾದ ಬಿಇಒಗಳು, ಎಸ್‌ಡಿಎಂಸಿ ಸದಸ್ಯರು, ತಂದೆತಾಯಿಯರಲ್ಲಿ ನನ್ನದೊಂದು ವಿನಂತಿ. ಇನ್ನು ಮುಂದೆ ನಿಮ್ಮ ಗ್ರಂಥಾಲಯದಲ್ಲಿ ಎಷ್ಟು ಪುಸ್ತಕಗಳಿವೆ ಎಂದು ಕೇಳಬೇಡಿ. ಈ ತಿಂಗಳು ಎಷ್ಟು ಪುಸ್ತಕ ಮಕ್ಕಳ ಕೈಗೆ ಹೋದವು, ಯಾವ ಪುಸ್ತಕಕ್ಕೆ ಹೆಚ್ಚು ಬೇಡಿಕೆ, ಯಾವುದನ್ನು ಹೊಲಿದು ಮತ್ತೆ ಬಳಕೆಗೆ ಬಿಟ್ಟಿರಿ ಎಂದು ಕೇಳಿ. ಆ ಪ್ರಶ್ನೆಗೆ ಉತ್ತರವನ್ನು ಮುಖ್ಯ ಶಿಕ್ಷಕರಿಂದ ಪಡೆಯಬೇಡಿ, ಆ ತಿಂಗಳ ಸರದಿಯ ಪುಟ್ಟ ಗ್ರಂಥಪಾಲಕರಿಂದ ಪಡೆಯಿರಿ. ಪ್ರಶ್ನೆ ಬದಲಾದರೆ ಶಾಲೆಯ ರೂಢಿಯೂ ಬದಲಾಗುತ್ತದೆ. ಮೂರು ವರ್ಷ ತನ್ನ ಕಲಿಕೆಗೆ ತಾನೇ ಹೊಣೆಯಾಗಿ ಬೆಳೆದ ಮಗುವಿಗೆ ನಾಲ್ಕನೇ ವರ್ಷವೂ ಆ ಹೊಣೆಯನ್ನು ಕೊಡಲು ಅಷ್ಟು ಬದಲಾವಣೆಯನ್ನು ನಾವು ಈ ವರ್ಷವೇ ಮಾಡಬಹುದು.